ಏಣಿ ಏರಿದಷ್ಟೂ ಹಾಸಿಗೆ ದೂರ: ಉತ್ತರ ಕನ್ನಡದಲ್ಲಿ ನರ್ಸ್ ಆಗುವವರು, ನರ್ಸ್‌ಗಳಿಗೆ ಕಲಿಸುವವರು

ಮೆಗ್ನೀಷಿಯಂ ಸಲ್ಫೇಟ್‌ನ ಆಂಪೂಲ್, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆ, 2 ಮಿ.ಲೀ.ನದು. ಶೇ. 50ರ ದ್ರಾವಣ, ಅಂದರೆ ಒಂದರಲ್ಲಿ 1 ಗ್ರಾಂ ಔಷಧ. ಬಸುರಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಾಗ ‘4 ಗ್ರಾಂ, ಶೇ. 20ರ ದ್ರಾವಣವಾಗಿ, ರಕ್ತನಾಳಕ್ಕೆ ನಿಧಾನವಾಗಿ’ ಎಂದು ಪಠ್ಯಪುಸ್ತಕದಲ್ಲಿದೆ. ವಾರ್ಡಿನ ಟ್ರೇಯಲ್ಲಿ ಶೇ. 20 ಎಂದು ಬರೆದ ಸೀಸೆ ಇರುವುದಿಲ್ಲ. 4 ಆಂಪೂಲ್ ಒಡೆದು 8 ಮಿ.ಲೀ. ಎಳೆದು, 12 ಮಿ.ಲೀ. ಡಿಸ್ಟಿಲ್ಡ್ ವಾಟರ್ ಕೂಡಿಸಿ 20 ಮಿ.ಲೀ. ಮಾಡಿಕೊಳ್ಳಬೇಕು, 5 ನಿಮಿಷಕ್ಕಿಂತ ಬೇಗ ಮುಗಿಸಬಾರದು. ಅದರ ಬೆನ್ನಿಗೇ ಎರಡೂ ಪೃಷ್ಠದ ಸ್ನಾಯುವಿಗೆ ತಲಾ 5 ಗ್ರಾಂ: ಇದು ದ್ರಾವಣವನ್ನು ತೆಳುವಾಗಿಸದೆ ಕೊಡುವಂಥದ್ದು, ಒಂದೊಂದು ಕಡೆಗೆ 10 ಮಿ.ಲೀ. ಒಟ್ಟು 14 ಆಂಪೂಲ್. ಮುಂದಿನ ಡೋಸಿಗೆ ಮೊದಲು ಮೊಣಕಾಲಿನ ಪ್ರತಿಕ್ರಿಯೆ ಇದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕೆಳಗಿಳಿದಿಲ್ಲ ತಾನೇ, ಮೂತ್ರ ಗಂಟೆಗೆ 30 ಮಿ.ಲೀ. ಆದರೂ ಆಗಿದೆಯೇ ಎಂದು ನೋಡಬೇಕು. ಔಷಧ ಹೆಚ್ಚಾದರೆ ಕೊಡುವ ಮಾರುಮದ್ದು ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆಟುಕುವಂತೆ ಇಟ್ಟಿರಬೇಕು.

ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದ ವಿದ್ಯಾರ್ಥಿನಿ ಹೆರಿಗೆ ಕೋಣೆಯಲ್ಲಿ ಆಂಪೂಲ್ ಹಿಡಿದು ನಿಂತೇ ಬಿಡುತ್ತಾಳೆ. ಪಕ್ಕದ ಸಿಸ್ಟರ್ ಅದೇ ಕೆಲಸವನ್ನು ಇನ್ನೊಬ್ಬ ರೋಗಿಯ ಕಡೆಯವರೊಡನೆ ಮಾತಾಡುತ್ತಲೇ ಮುಗಿಸಿರುತ್ತಾರೆ. ಕಲಿಸುವುದು ಯಾರ ಕೆಲಸವೋ ಆ ಮೇಡಂ ಕಾಲೇಜಿನಲ್ಲಿದ್ದಾರೆ. ಈ ಇಂಜೆಕ್ಷನ್ ಅನ್ನು ತಮ್ಮ ಕೈಯಾರೆ ಕೊಟ್ಟು ಎಷ್ಟೋ ವರ್ಷವಾಗಿದೆ. ಕೈ ಪಳಗಿದ ಸಿಸ್ಟರ್‌ಗೆ ಕಲಿಸುವ ಹುದ್ದೆ ಇಲ್ಲ, ಕಲಿಸಿದ್ದಕ್ಕೆ ಲೆಕ್ಕವೂ ಇಲ್ಲ.

ನರ್ಸಿಂಗ್ ವೃತ್ತಿಯಲ್ಲಿ ಮೇಲೇರಲು ಎರಡು ಏಣಿಗಳಿವೆ. ಒಂದು ಕಾಲೇಜಿನದು, ಇನ್ನೊಂದು ಆಸ್ಪತ್ರೆಯದು. ಎರಡೂ ರೋಗಿಯ ಹಾಸಿಗೆಯ ಪಕ್ಕದಿಂದಲೇ ಶುರುವಾಗಿ, ಮೆಟ್ಟಿಲು ಏರಿದಂತೆಲ್ಲ ಹಾಸಿಗೆಯಿಂದ ದೂರ ಸರಿಯುತ್ತವೆ. ನರ್ಸ್‌ಗಳ ಕೊರತೆ ಎಂದು ನಾವು ಕೂಗುವುದರ ಒಳಗೆ ಈ ತೊಡಕೂ ಅಡಗಿದೆ, ಅದರ ಬಗ್ಗೆ ಮಾತು ಕಡಿಮೆ.

ಉತ್ತರ ಕನ್ನಡದಲ್ಲಿ ಇದರ ಪೆಟ್ಟು ಹೆಚ್ಚು. 10 ಸಾವಿರ ಚದರ ಕಿ.ಮೀ. ದಾಟಿದ ಜಿಲ್ಲೆ, ಹೆಚ್ಚಿನ ಪಾಲು ಕಾಡು, 12 ತಾಲೂಕು, 2011ರ ಜನಗಣತಿಯಲ್ಲಿ 14 ಲಕ್ಷ ಚಿಲ್ಲರೆ ಜನ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ಕೇಸ್ ಗಂಭೀರವಾದರೆ ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ, ಘಟ್ಟದ ಮೇಲಿನವರು ಹುಬ್ಬಳ್ಳಿಗೋ, ಕಾರವಾರ ಕಡೆಯವರು ಗೋವಾದ ಬಾಂಬೋಳಿಗೋ ಓಡುವುದು ಇನ್ನೂ ತಪ್ಪಿಲ್ಲ. 2022ರ ಜುಲೈಯಲ್ಲಿ ಉಡುಪಿ ಜಿಲ್ಲೆಯ ಶಿರೂರು ಟೋಲ್ ಗೇಟಿನಲ್ಲಿ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಉರುಳಿ ನಾಲ್ವರು ಸತ್ತ ಮೇಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯನ್ನೇ ಅಲ್ಲಾಡಿಸಿತು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ-66 ಹಲವು ದಿನ ಮುಚ್ಚಿತ್ತು. ದೇವಿಮನೆ, ಅರಬೈಲು, ಅಣಶಿ ಘಟ್ಟಗಳು ಮಳೆಗಾಲದಲ್ಲಿ ಯಾವಾಗ ಕೈಕೊಡುತ್ತವೆಂದು ಹೇಳಲಾಗದು. ರೆಫರ್ ಮಾಡುವುದೇ ದಾರಿಯಾದ ಕಡೆ ರೋಗಿಯ ಮೊದಲ ಎರಡು ಮೂರು ಗಂಟೆ ನರ್ಸ್ ಕೈಯಲ್ಲಿರುತ್ತದೆ. ಆ ನರ್ಸ್ ಎಲ್ಲಿ, ಯಾರಿಂದ ಕಲಿತರು ಎಂಬುದು ಇಲ್ಲಿ ಬರೀ ಶಿಕ್ಷಣ ಇಲಾಖೆಯ ಫೈಲಿನ ವಿಷಯವಾಗಿ ಉಳಿಯುವುದಿಲ್ಲ.

ಮೊದಲ ಮೆಟ್ಟಿಲು

ಪ್ರವೇಶದ ದಾರಿಗಳು ಹಲವು. ಎ.ಎನ್.ಎಂ. (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ) 2 ವರ್ಷ. ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) 3 ವರ್ಷ, ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರಿಗೂ ಬಾಗಿಲು ತೆರೆದಿದೆ. ಬಿ.ಎಸ್ಸಿ. ನರ್ಸಿಂಗ್ 4 ವರ್ಷ, ಇದಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಬೇಕು. ಪರೀಕ್ಷೆ, ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಜಿ.ಎನ್.ಎಂ. ಮುಗಿಸಿದವರು 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವಿ ಸಾಲಿಗೆ ಬರಬಹುದು. ಕೋರ್ಸ್ ಯಾವುದೇ ಇರಲಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುವ ತನಕ ಕಾನೂನಿನ ಕಣ್ಣಿಗೆ ಆಕೆ ನರ್ಸ್ ಅಲ್ಲ.

ಜಿ.ಎನ್.ಎಂ. ಅನ್ನು ನಿಲ್ಲಿಸಿ ಎಲ್ಲರನ್ನೂ ಪದವಿಗೆ ತರಬೇಕೆಂಬ ಯೋಚನೆ ಭಾರತೀಯ ನರ್ಸಿಂಗ್ ಪರಿಷತ್ತಿನಲ್ಲಿ ಕೆಲವು ವರ್ಷಗಳ ಹಿಂದೆ ಬಲವಾಗಿತ್ತು, ಆಮೇಲೆ ಮುಂದೂಡಲಾಯಿತು. ಮುಂದೂಡಿದ್ದು ಒಳ್ಳೆಯದೇ ಆಯಿತು ಎನ್ನಬೇಕು. ಜೋಯಿಡಾ, ಮುಂಡಗೋಡ, ಯಲ್ಲಾಪುರದ ಹಳ್ಳಿಗಳಲ್ಲಿ ವಿಜ್ಞಾನದ ಪಿಯುಸಿಗೆಂದು ಮಗಳನ್ನು ಹಾಸ್ಟೆಲಿಗೆ ಕಳಿಸಲಾಗದ ಮನೆಗಳಿಗೆ ಈ ವೃತ್ತಿ ಸಿಕ್ಕಿದ್ದೇ ಜಿ.ಎನ್.ಎಂ. ಮೂಲಕ. ಮುಂದೆ ಓದಲು ಪೋಸ್ಟ್ ಬೇಸಿಕ್ ಇದ್ದೇ ಇದೆ. ತೊಂದರೆ ಏನೆಂದರೆ, ಅದಕ್ಕೆ ಕೆಲಸ ಬಿಟ್ಟು 2 ವರ್ಷ ಕೂರಬೇಕು. ಮನೆಯ ಸಂಬಳವೇ ಆಕೆಯದಾದರೆ ಆ ಮಾತೇ ಏಳುವುದಿಲ್ಲ.

ಕಾಲೇಜಿನ ಏಣಿ

ಪಾಠ ಹೇಳುವ ದಾರಿಯನ್ನು ವಯಸ್ಸಿನ ಲೆಕ್ಕದಲ್ಲಿ ನೋಡೋಣ. 18ಕ್ಕೆ ಪಿಯುಸಿ, 22ಕ್ಕೆ ಬಿ.ಎಸ್ಸಿ. ಎಂ.ಎಸ್ಸಿ. ಸೇರಲು ಶೇ. 55 ಅಂಕ ಮತ್ತು 1 ವರ್ಷದ ಕೆಲಸದ ಅನುಭವ ಬೇಕು. ಅಲ್ಲಿಗೆ 23. ಎಂ.ಎಸ್ಸಿ. 2 ವರ್ಷ: ವೈದ್ಯಕೀಯ-ಶಸ್ತ್ರಚಿಕಿತ್ಸಾ ಶುಶ್ರೂಷೆ, ಪ್ರಸೂತಿ, ಮಕ್ಕಳದು, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಈ ಐದರಲ್ಲಿ ಒಂದು. 25ಕ್ಕೆ ಟ್ಯೂಟರ್. ಅಲ್ಲಿಂದ 3 ವರ್ಷ ಪಾಠ ಮಾಡಿದರೆ ಸಹಾಯಕ ಪ್ರಾಧ್ಯಾಪಕಿ. ಸಹ ಪ್ರಾಧ್ಯಾಪಕಿ, ಪ್ರಾಧ್ಯಾಪಕಿ ಎಂದು ದಾಟಿ, ಒಟ್ಟು 15 ವರ್ಷದ ಅನುಭವ ತುಂಬಿದ ಮೇಲೆ ಪ್ರಿನ್ಸಿಪಾಲ್ ಹುದ್ದೆಗೆ ಅರ್ಹತೆ. ಅಂದರೆ ನಡುವೆ ಎಲ್ಲಿಯೂ ಬಿಡುವು ಬೀಳದಿದ್ದರೆ ಸುಮಾರು 40.

ಈ ಇಡೀ ದಾರಿಯಲ್ಲಿ ರೋಗಿಯ ಪಕ್ಕ ಡ್ಯೂಟಿ ಮಾಡಿರಲೇಬೇಕು ಎಂದು ನಿಯಮ ಕೇಳುವುದು ಆ ಒಂದು ವರ್ಷವನ್ನು ಮಾತ್ರ. ಆ ಒಂದು ವರ್ಷವೂ ಎಷ್ಟೋ ಸಲ ಕಾಲೇಜಿಗೇ ಸೇರಿದ ಆಸ್ಪತ್ರೆಯಲ್ಲಿ, ಹಗಲು ಪಾಳಿಯಲ್ಲಿ ಮುಗಿಯುತ್ತದೆ. ಕೆಲವೆಡೆ ಕಾಗದದಲ್ಲೇ ಮುಗಿಯುವುದುಂಟು. ಮೆಡಿಕಲ್ ಕಾಲೇಜಿನ ಮೆಡಿಸಿನ್ ಪ್ರಾಧ್ಯಾಪಕರಿಗೆ ಸ್ವಂತ ಯೂನಿಟ್ ಇರುತ್ತದೆ, ಒ.ಪಿ.ಡಿ. ದಿನ ಇರುತ್ತದೆ, ಅವರ ಹೆಸರಿನಲ್ಲಿ ಹಾಸಿಗೆಗಳಿರುತ್ತವೆ. ರೋಗಿಯನ್ನೇ ಮುಟ್ಟದ ಮೆಡಿಸಿನ್ ಪ್ರೊಫೆಸರ್ ಎಂದರೆ ಜನ ನಕ್ಕಾರು. ನರ್ಸಿಂಗ್ ಪ್ರೊಫೆಸರ್ ವಿಷಯದಲ್ಲಿ ಅದೇ ಸಹಜವೆಂದು ಒಪ್ಪಿಕೊಂಡು ಕೂತಿದ್ದೇವೆ. ಹಾಗೆ ಇರಲೇಬೇಕೆಂದಿಲ್ಲ. ದೆಹಲಿಯ ಜೊತೆಗೆ 1946ರಲ್ಲೇ ದೇಶದ ಮೊದಲ ಬಿ.ಎಸ್ಸಿ. ನರ್ಸಿಂಗ್ ಆರಂಭಿಸಿದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರಿಗೆ ವಾರ್ಡಿನ ಹೊಣೆಯೂ ಇರುತ್ತದೆ. ಆ ಪದ್ಧತಿ ಬೇರೆಡೆ ಬೇರೂರಲಿಲ್ಲ.

ಏಕೆ ಬೇರೂರಲಿಲ್ಲ ಎನ್ನುವುದಕ್ಕೆ ತಲೆ ಲೆಕ್ಕ ಹಾಕಿದರೆ ಸಾಕು. 10 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ ಎಂಬುದು ಪರಿಷತ್ತಿನ ಅನುಪಾತ. ವರ್ಷಕ್ಕೆ 60 ಸೀಟಿನ ಕಾಲೇಜೆಂದರೆ 4 ವರ್ಷಕ್ಕೆ 240 ಮಂದಿ, ಬೋಧಕರು 24. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಮೆಡಿಕಲ್ ಕಾಲೇಜುಗಳ ಜೊತೆಗೆ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. 1,570 ಕೋಟಿ ರೂಪಾಯಿ, 15,700 ಸೀಟು. ಒಂದೊಂದರಲ್ಲಿ ನೂರು ಸೀಟು, 4 ವರ್ಷ ತುಂಬಿದಾಗ 400 ವಿದ್ಯಾರ್ಥಿಗಳು, 40 ಬೋಧಕರು. 157ಕ್ಕೆ ಗುಣಿಸಿದರೆ 6,280 ಬೋಧಕರು ಬೇಕು. ಕಟ್ಟಡವನ್ನು 2 ವರ್ಷದಲ್ಲಿ ಎಬ್ಬಿಸಬಹುದು. ಒಬ್ಬ ಸಹಾಯಕ ಪ್ರಾಧ್ಯಾಪಕಿ ತಯಾರಾಗಲು ಪಿಯುಸಿಯಿಂದ 10 ವರ್ಷ ಬೇಕು. ಹೀಗಿರುವಾಗ ಕಾಲೇಜುಗಳು ಸಿಕ್ಕ ಎಂ.ಎಸ್ಸಿ.ಯವರನ್ನು ತರಗತಿಯಲ್ಲಿ ಕಟ್ಟಿಹಾಕುತ್ತವೆ, ವಾರ್ಡಿಗೆ ಬಿಡುವುದಿಲ್ಲ.

ಇದರ ಕೆಟ್ಟ ರೂಪ ಇನ್ಸ್‌ಪೆಕ್ಷನ್ ದಿನ ಕಾಣುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ತರಗತಿಯಲ್ಲಿ ಎಂದೂ ಕಾಣದ ಬೋಧಕರು ಅಂದು ಬಂದು ಸಾಲಾಗಿ ಕೂರುತ್ತಾರೆ. ಇದು ರಾಜ್ಯದ ಖಾಸಗಿ ಕಾಲೇಜುಗಳ ಬಹಳ ಹಳೆಯ ರೋಗ. ತನ್ನ ಪ್ರಮಾಣಪತ್ರಗಳನ್ನು ಹೀಗೆ ಬಾಡಿಗೆಗೆ ಕೊಟ್ಟವರಿಗೆ ಪೆಟ್ಟು ಬೀಳುವುದು ಮುಂದೆ. ಒಂದೇ ಅವಧಿಗೆ ಆಸ್ಪತ್ರೆಯದೊಂದು, ಕಾಲೇಜಿನದೊಂದು ಅನುಭವ ಪತ್ರ ಇದ್ದರೆ ಸರ್ಕಾರಿ ನೇಮಕದಲ್ಲೂ ವಿದೇಶದ ಪರಿಶೀಲನೆಯಲ್ಲೂ ಎರಡೂ ಬಿದ್ದುಹೋಗುತ್ತವೆ.

ಸರ್ಕಾರಿ ನರ್ಸಿಂಗ್ ಶಾಲೆಗಳ ಕಥೆ ಇನ್ನೊಂದು ಬಗೆ. ಅಲ್ಲಿ ಪಾಠ ಹೇಳುವವರಲ್ಲಿ ಹಲವರು ಆಸ್ಪತ್ರೆಯ ಶುಶ್ರೂಷಾಧಿಕಾರಿಗಳೇ, ನಿಯೋಜನೆ ಮೇಲೆ ಬಂದವರು. ಕೈ ಪಳಗಿದವರು ಪಾಠಕ್ಕೆ ಬಂದರಲ್ಲ ಎಂದು ಸಮಾಧಾನಪಡಬಹುದು. ಆದರೆ ಇವರ ಹುದ್ದೆ ಇರುವುದು ಆಸ್ಪತ್ರೆಯಲ್ಲಿ, ಬಡ್ತಿಯ ಸಾಲೂ ಅಲ್ಲೇ. ವಾರ್ಡಿನಲ್ಲಿ ಇವರ ಜಾಗ ಖಾಲಿ ಬೀಳುತ್ತದೆ, ಬದಲಿಗೆ ಜನ ಬರುವುದಿಲ್ಲ. ಪಾಠ ಮಾಡಿದ ವರ್ಷಗಳು ಬೋಧಕ ಹುದ್ದೆಯ ಅನುಭವವಾಗಿ ಎಣಿಕೆಯಾಗುತ್ತವೋ ಇಲ್ಲವೋ ಎಂಬುದು ಆದೇಶದ ಪ್ರತಿಯಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ನಿಂತಿದೆ. ಆದ್ದರಿಂದ ನಿಯೋಜನೆಗೆ ಹೋಗುವವರು ಆದೇಶದಲ್ಲಿ ಹುದ್ದೆಯ ಹೆಸರು, ಕೋರ್ಸ್, ದಿನಾಂಕ ಮೂರನ್ನೂ ಬರೆಸಿಕೊಳ್ಳಬೇಕು. ‘ಮುಂದಿನ ಆದೇಶದವರೆಗೆ ಕರ್ತವ್ಯ ನಿರ್ವಹಿಸುವುದು’ ಎಂಬ ಒಂದೇ ಸಾಲಿನ ಆದೇಶ ಹತ್ತು ವರ್ಷದ ನಂತರ ಯಾವುದಕ್ಕೂ ಬರುವುದಿಲ್ಲ.

ಆಸ್ಪತ್ರೆಯ ಏಣಿ

ಶುಶ್ರೂಷಾಧಿಕಾರಿ, ಹಿರಿಯ ಶುಶ್ರೂಷಾಧಿಕಾರಿ, ಆಮೇಲೆ ಶುಶ್ರೂಷಾ ಅಧೀಕ್ಷಕಿ. ಹಳಬರ ಬಾಯಲ್ಲಿ ಸ್ಟಾಫ್ ನರ್ಸ್, ಇನ್‌ಚಾರ್ಜ್ ಸಿಸ್ಟರ್, ಮೇಟ್ರನ್. ಮೊದಲ ಬಡ್ತಿಗೆ ಕಾಯುವುದರಲ್ಲೇ ಅರ್ಧ ಸೇವೆ ಸವೆಯುತ್ತದೆ. ಬಡ್ತಿ ಸಿಕ್ಕಿದ ದಿನ ಕೈಗೆ ಬರುವುದು ಇಂಡೆಂಟ್ ಪುಸ್ತಕ, ಬೀರುವಿನ ಕೀಲಿ, ಬೆಡ್‌ಶೀಟಿನ ಲೆಕ್ಕ, ಡ್ಯೂಟಿ ಚಾರ್ಟ್. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದವರು ಕೆಟ್ಟುಹೋದ ಸಕ್ಷನ್ ಮೆಷಿನ್ನಿನ ಕಾಗದ ಓಡಾಡಿಸುತ್ತಾ ಕೂರುತ್ತಾರೆ. ಡ್ಯೂಟಿ ಚಾರ್ಟ್ ಹಾಕುವುದು ಸಣ್ಣ ಕೆಲಸವೇನಲ್ಲ. ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬ ನರ್ಸ್ ಇರಬೇಕೆಂದರೆ ವಾರಕ್ಕೆ 168 ಗಂಟೆ ತುಂಬಬೇಕು. ಒಬ್ಬರ ಡ್ಯೂಟಿ ವಾರಕ್ಕೆ 48 ಗಂಟೆ, ಅಂದರೆ ಮೂರೂವರೆ ಜನ. ರಜೆಗೆಂದು ಶೇ. 30 ಕೂಡಿಸಿದರೆ ನಾಲ್ಕೂವರೆ. ಹೆರಿಗೆ ಕೋಣೆ, ತುರ್ತು ಘಟಕ, ಎರಡು ವಾರ್ಡ್ ಇರುವ ತಾಲೂಕು ಆಸ್ಪತ್ರೆಯಲ್ಲಿ ಜಾಗಕ್ಕೆ ಒಬ್ಬರಂತೆ ನಿಲ್ಲಿಸಲೂ 18 ಜನ ಬೇಕು. ಮೂರು ಜನ ಹೆರಿಗೆ ರಜೆಗೆ ಹೋದರೆ ಮೇಟ್ರನ್ ಪಾಡು ದೇವರಿಗೇ ಪ್ರೀತಿ.

ರೋಗಿಯ ಪಕ್ಕವೇ ಇದ್ದು ಪರಿಣತಿ ಬೆಳೆಸಿಕೊಳ್ಳಲು ಪರಿಷತ್ತು ದಾರಿ ಮಾಡಿಟ್ಟಿಲ್ಲವೆಂದಲ್ಲ. ತೀವ್ರ ನಿಗಾ, ತುರ್ತು ಚಿಕಿತ್ಸೆ, ನವಜಾತ ಶಿಶು, ಕ್ಯಾನ್ಸರ್ ಶುಶ್ರೂಷೆಗಳಲ್ಲಿ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ತೀವ್ರ ನಿಗಾದಲ್ಲಿ 2 ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸ್, ಸೂಲಗಿತ್ತಿ ವಿದ್ಯೆಯಲ್ಲಿ 18 ತಿಂಗಳ ತರಬೇತಿ ಇವೆ. ಓದಿ ಬಂದವರಿಗೆ ತಕ್ಕ ಹುದ್ದೆ ಮಾತ್ರ ಇಲ್ಲ. ನಿಯೋನೇಟಲ್ ಡಿಪ್ಲೊಮಾ ಮಾಡಿಕೊಂಡು ಬಂದವರನ್ನು ಮುಂದಿನ ತಿಂಗಳೇ ಗಂಡಸರ ವಾರ್ಡಿಗೆ ಹಾಕಿದರೆ ಯಾರೂ ಕೇಳುವುದಿಲ್ಲ, ಏಕೆಂದರೆ ಕಾಗದದಲ್ಲಿ ಎಲ್ಲರೂ ಶುಶ್ರೂಷಾಧಿಕಾರಿಗಳೇ.

ಸಂಬಳದ ಅಂತರ ಇನ್ನೊಂದು ಸೆಳೆತ. ಶುಶ್ರೂಷಾಧಿಕಾರಿಗಳ ನೇಮಕಕ್ಕೆ ಏಮ್ಸ್ 2020ರಿಂದ ನಡೆಸುತ್ತಿರುವ ನಾರ್ಸೆಟ್ ಪರೀಕ್ಷೆ ಪಾಸಾದರೆ ಆರಂಭದ ಮೂಲ ವೇತನ 44,900 ರೂಪಾಯಿ. ಬಿ.ಎಸ್ಸಿ.ಯವರು ನೇರವಾಗಿ ಬರೆಯಬಹುದು, ಜಿ.ಎನ್.ಎಂ. ಆದವರಿಗೆ 50 ಹಾಸಿಗೆಗೆ ಕಡಿಮೆ ಇಲ್ಲದ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಹುದ್ದೆಗಳಲ್ಲಿ ಶೇ. 80 ಮಹಿಳೆಯರಿಗೆ ಇರುವುದರಿಂದ ಬ್ರದರ್‌ಗಳಿಗೆ ಪೈಪೋಟಿ ಬಿಗಿ. ಖಾಸಗಿಯಲ್ಲಿ ಏನಾಗಬೇಕಿತ್ತು ಎಂಬುದಕ್ಕೂ ಅಳತೆಗೋಲು ಇದೆ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ತಜ್ಞರ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 100ರಿಂದ 200 ಹಾಸಿಗೆಯದು ಅದಕ್ಕಿಂತ ಶೇ. 10ಕ್ಕೂ ಹೆಚ್ಚು ಕಡಿತ ಮಾಡಬಾರದು, 50ರಿಂದ 100ರದು ಶೇ. 25ಕ್ಕೂ ಹೆಚ್ಚು ಕಡಿತ ಮಾಡಬಾರದು, ಅದಕ್ಕೂ ಚಿಕ್ಕ ನರ್ಸಿಂಗ್ ಹೋಂ 20,000 ರೂಪಾಯಿಗಿಂತ ಕೆಳಗಿಳಿಯಬಾರದು ಎಂದಿತ್ತು. ನಮ್ಮ ಕರಾವಳಿ, ಮಲೆನಾಡಿನ ನರ್ಸಿಂಗ್ ಹೋಂಗಳಲ್ಲಿ ಹೆಚ್ಚಿನವು ಕೊನೆಯ ಗುಂಪಿಗೆ ಸೇರುವಂಥವು. ಶಿಫಾರಸು ಶಿಫಾರಸಾಗಿಯೇ ಉಳಿಯಿತು.

ಹೀಗಾಗಿ ಜಿಲ್ಲೆಯಲ್ಲಿ ಕಲಿತವರು ಎರಡು ವರ್ಷ ಇಲ್ಲಿ ಕೈ ಪಳಗಿಸಿಕೊಂಡು ಮಂಗಳೂರು, ಬೆಂಗಳೂರು, ಗೋವಾ, ಕೊಲ್ಲಿ ಎಂದು ಹೊರಡುತ್ತಾರೆ. ತಪ್ಪೇನೂ ಇಲ್ಲ. ಮಾಜಾಳಿ ದಾಟಿ ಗೋವಾದಲ್ಲಿ ಕೆಲಸ ಹಿಡಿಯುವ ಕಾರವಾರದವರು ಒಂದನ್ನು ಮಾತ್ರ ಮರೆಯಬಾರದು: ಕರ್ನಾಟಕದ ನೋಂದಣಿ ಇದ್ದರೂ ಅಲ್ಲಿನ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ಅದಕ್ಕೆ ಇಲ್ಲಿನ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಳ್ಳಬೇಕು. ‘ಆಮೇಲೆ ನೋಡೋಣ’ ಎಂದು ಬಿಟ್ಟರೆ ಗೋವಾದಲ್ಲಿ ದುಡಿದ ವರ್ಷಗಳು ಮುಂದೆ ಪ್ರಶ್ನೆಗೆ ಒಳಗಾಗುತ್ತವೆ. ಕೊಲ್ಲಿಗೆ ಹೋಗುವವರಿಗೆ, ವಲಸೆ ತಪಾಸಣೆ ಬೇಕಾದ 18 ದೇಶಗಳ ವಿಷಯದಲ್ಲಿ 2015ರಿಂದ ಕಟ್ಟುನಿಟ್ಟಿದೆ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ, ಅನುಮತಿ ಪಡೆದ ಸಂಸ್ಥೆಗಳಿಂದಲೇ ಹೋಗಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಕೆಲಸದ ವೀಸಾ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟನ ಮಾತಿಗೆ ಕಿವಿಗೊಟ್ಟರೆ ಹಣವೂ ಹೋದೀತು, ಪಾಸ್‌ಪೋರ್ಟೂ ಹೋದೀತು.

ಏಣಿಯೇ ಇಲ್ಲದವರು

ಮೂರನೆಯ ಗುಂಪೊಂದಿದೆ. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಬಂದ ಮೇಲೆ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿಗಳು, ಜನರ ಬಾಯಲ್ಲಿ ಸಿ.ಎಚ್.ಓ.ಗಳು. ಬಿ.ಎಸ್ಸಿ. ನರ್ಸಿಂಗ್ ಆಗಿ, ಬೇಕಾದಲ್ಲಿ 6 ತಿಂಗಳ ಬ್ರಿಡ್ಜ್ ಕೋರ್ಸನ್ನೂ ಮಾಡಿದವರು. ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು ಉಪಕೇಂದ್ರ ಎಂಬುದು ಲೆಕ್ಕ. ಜೋಯಿಡಾದಲ್ಲಿ ಆ ಮೂರು ಸಾವಿರ ಜನ ಎಷ್ಟು ಹಳ್ಳ ದಾಟಿ ಹರಡಿದ್ದಾರೆ ಎಂಬುದು ಲೆಕ್ಕದಲ್ಲಿಲ್ಲ. ಬಿ.ಪಿ., ಸಕ್ಕರೆ, ಬಾಯಿ ಕ್ಯಾನ್ಸರ್ ತಪಾಸಣೆ, ಔಷಧ ವಿತರಣೆ, ಟೆಲಿ ಸಮಾಲೋಚನೆ ಎಲ್ಲವೂ ಇವರದೇ. ವೈದ್ಯರಿಲ್ಲದೆ ತಾವೇ ತೀರ್ಮಾನಿಸುವ ಅವಕಾಶ ನರ್ಸಿಂಗ್ ಓದಿದವರಿಗೆ ಇಷ್ಟರ ಮಟ್ಟಿಗೆ ಬೇರೆಲ್ಲೂ ಸಿಗದು. ಆದರೆ ಎಲ್ಲರೂ ಗುತ್ತಿಗೆ ನೌಕರರು. ಬಡ್ತಿ ಇಲ್ಲ. ಹೀಗೆ ಹಳ್ಳಿಯಲ್ಲಿ ಐದು ವರ್ಷ ದುಡಿದವರು ಸಮುದಾಯ ಆರೋಗ್ಯ ಶುಶ್ರೂಷೆಯ ಪಾಠಕ್ಕೆ ಎಲ್ಲರಿಗಿಂತ ತಕ್ಕವರು. ಆ ಅನುಭವಕ್ಕೆ ಕಾಲೇಜಿನ ಏಣಿಯಲ್ಲಿ ಒಂದು ಮೆಟ್ಟಿಲೂ ಇಲ್ಲ.

ಕಾಗದದಲ್ಲಿ ಕಳೆದುಹೋಗುವ ವರ್ಷಗಳು

ಒಳ್ಳೆಯ ಅನುಭವವಿದ್ದೂ ಕೈತಪ್ಪುವುದು ಹೆಚ್ಚಾಗಿ ಕಾಗದದಿಂದ. ಅನುಭವ ಎಣಿಕೆಯಾಗುವುದು ನೋಂದಣಿಯ ದಿನಾಂಕದಿಂದ. ಫಲಿತಾಂಶ ಬಂದ ಮಾರನೆಯ ದಿನವೇ ಕೆಲಸಕ್ಕೆ ಸೇರಿ, ನೋಂದಣಿಯನ್ನು ಎಂಟು ತಿಂಗಳ ನಂತರ ಮಾಡಿಸಿದರೆ ಆ ಎಂಟು ತಿಂಗಳು ಹೋದ ಹಾಗೆಯೇ. ಎರಡನೆಯದು, ಅನುಭವ ಪತ್ರದಲ್ಲಿ ಹಾಸಿಗೆಗಳ ಸಂಖ್ಯೆ ಇರಬೇಕು, ಅದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಆ ಆಸ್ಪತ್ರೆ ಪಡೆದ ನೋಂದಣಿಯ ಸಂಖ್ಯೆಗೆ ತಾಳೆಯಾಗಬೇಕು. 30 ಹಾಸಿಗೆಗೆ ನೋಂದಣಿಯಾದ ನರ್ಸಿಂಗ್ ಹೋಂ 60 ಎಂದು ಬರೆದುಕೊಟ್ಟರೆ ಉಪಕಾರವಾಗುವುದಿಲ್ಲ, ಅಪಕಾರವಾಗುತ್ತದೆ. ಭವಿಷ್ಯ ನಿಧಿ ಕಡ್ಡಾಯವಾಗುವುದು 20 ನೌಕರರು ಇರುವ ಕಡೆ. ಅದಕ್ಕಿಂತ ಚಿಕ್ಕ ಕಡೆ ಕೆಲಸ ಮಾಡಿದವರಿಗೆ ಆ ದಾಖಲೆ ಇರುವುದಿಲ್ಲ. ಅಂಥವರು ಸಂಬಳವನ್ನು ಕೈಯಲ್ಲಿ ಪಡೆಯದೆ ಬ್ಯಾಂಕಿಗೇ ಹಾಕಿಸಿಕೊಳ್ಳಬೇಕು, ನೇಮಕಾತಿ ಪತ್ರ ಕೇಳಿ ಪಡೆಯಬೇಕು.

ಹೆಸರಿನ ತಾಪತ್ರಯ ನಮ್ಮ ಕಡೆ ಇನ್ನೂ ಹೆಚ್ಚು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಸೇರಿ ಒಂದು ಬಗೆ, ಆಧಾರ್‌ನಲ್ಲಿ ಮನೆತನದ ಹೆಸರು ಸೇರಿ ಇನ್ನೊಂದು ಬಗೆ, ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಮೂರನೆಯದು. ನಾಯ್ಕ ಎಂಬ ಒಂದೇ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಬರೆಯುವವರಿದ್ದಾರೆ. ರಾಷ್ಟ್ರೀಯ ನೋಂದಣಿ ಸಂಖ್ಯೆ ಆಧಾರ್‌ಗೆ ಬೆಸೆದುಕೊಂಡಿರುವುದರಿಂದ, ಕೌನ್ಸಿಲ್‌ಗೆ ಅರ್ಜಿ ಹಾಕುವ ಮೊದಲೇ ಇವೆಲ್ಲವನ್ನು ಒಂದು ಮಾಡಿಕೊಂಡರೆ ವಾಸಿ. ನವೀಕರಣಕ್ಕೆ 5 ವರ್ಷಕ್ಕೆ 150 ಗಂಟೆಗಳ ಮುಂದುವರಿದ ಕಲಿಕೆ ತೋರಿಸಬೇಕು ಎಂಬುದು ಪರಿಷತ್ತಿನ ಅಳತೆ. ಕಾರ್ಯಾಗಾರಕ್ಕೆ ಹೋದಾಗ ಸಿಗುವ ಪ್ರಮಾಣಪತ್ರದಲ್ಲಿ ಗಂಟೆ ನಮೂದಾಗಿದೆಯೇ ಎಂದು ಅಲ್ಲೇ ನೋಡಿಕೊಳ್ಳುವುದು ಲೇಸು. ಇನ್ನು ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳುವ ಆಡಳಿತ ಮಂಡಳಿಗೆ ಕೊಡಬೇಕಾದದ್ದು ದೃಢೀಕೃತ ನಕಲು ಮಾತ್ರ.

ವಾರ್ಡಿನಲ್ಲಿ ಏನು ತಪ್ಪುತ್ತದೆ, ಹೇಗೆ ಸರಿಪಡಿಸಬಹುದು

ಕ್ಲಿನಿಕಲ್ ಪೋಸ್ಟಿಂಗ್ ಎಂದರೆ ಹೆಚ್ಚಿನ ಕಡೆ ನಡೆಯುವುದು ಇಷ್ಟು: ಬೆಳಗ್ಗೆ 8ಕ್ಕೆ ಬಸ್ಸಿನಲ್ಲಿ 20 ವಿದ್ಯಾರ್ಥಿಗಳು ಬರುತ್ತಾರೆ. ಎಲ್ಲರೂ ಬಿ.ಪಿ., ಜ್ವರ, ನಾಡಿ ಬರೆಯುತ್ತಾರೆ. ಒಬ್ಬನೇ ರೋಗಿಗೆ ಮೂವರು ಬಿ.ಪಿ. ನೋಡುವುದೂ ಉಂಟು. 11ಕ್ಕೆ ಕೇರ್ ಪ್ಲಾನ್ ಬರೆಯಲು ಕೂರುತ್ತಾರೆ, ಅದು ಪುಸ್ತಕದಿಂದಲೇ ಇಳಿಯುತ್ತದೆ. ಈ ವಾರ ವಿದ್ಯಾರ್ಥಿಗಳು ಏನು ಕಲಿಯಬೇಕಿತ್ತು ಎಂಬುದನ್ನು ಸಿಸ್ಟರ್‌ಗೆ ಯಾರೂ ಹೇಳಿರುವುದಿಲ್ಲ. 1ಕ್ಕೆ ಬಸ್ಸು. ಜಿಲ್ಲೆಯಲ್ಲಿ ಗಂಭೀರ ಕೇಸುಗಳು ಬರುವ ಹೊತ್ತು ಸಂಜೆ ಮತ್ತು ರಾತ್ರಿ: ತೋಟದಿಂದ ಹಾವು ಕಚ್ಚಿಸಿಕೊಂಡು ಬಂದವರು, ಹೆದ್ದಾರಿಯ ಅಪಘಾತ. ಆಗ ವಿದ್ಯಾರ್ಥಿಗಳಿರುವುದಿಲ್ಲ.

ಹಾವು ಕಡಿತವನ್ನೇ ತೆಗೆದುಕೊಳ್ಳಿ. ಕರ್ನಾಟಕ 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಗೆ ಬೇಕಾದದ್ದು ಒಣಗಿದ, ಹೊಸ ಗಾಜಿನ ಕೊಳವೆ ಮತ್ತು 2 ಮಿ.ಲೀ. ರಕ್ತ. ಸೋಪಿನ ಪುಡಿಯಿಂದ ತೊಳೆದ ಕೊಳವೆ ಆದರೆ, ಪ್ಲಾಸ್ಟಿಕ್ ಆದರೆ, ನಡುವೆ ಅಲ್ಲಾಡಿಸಿ ನೋಡಿದರೆ ಫಲಿತಾಂಶ ಸುಳ್ಳಾಗುತ್ತದೆ; ವಿಷ ಏರದವರಿಗೂ ಔಷಧ ಹೋಗುತ್ತದೆ. ಪುಡಿ ರೂಪದ ಪ್ರತಿವಿಷದ ವಯಲ್‌ಗೆ 10 ಮಿ.ಲೀ. ನೀರು ಹಾಕಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆ ಏಳುತ್ತದೆ. 10 ವಯಲ್ ಹೀಗೆ ಕರಗಿಸಲು ಎರಡು ಕೈ ಸಾಲದು. ಅಲರ್ಜಿಯಾದರೆ ಕೊಡಲು, ಡ್ರಿಪ್ ಶುರುವಾಗುವ ಮೊದಲೇ ಅಡ್ರಿನಲಿನ್ 0.5 ಮಿ.ಗ್ರಾಂ. ಸಿರಿಂಜಿನಲ್ಲಿ ತುಂಬಿಟ್ಟಿರಬೇಕು. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಘಟ್ಟದ ಕಾಡಿನ ಗೂನು ಮೂಗಿನ ಮಂಡಲಕ್ಕೆ ಅದು ನಾಟುವುದಿಲ್ಲ. ಮಲೆನಾಡಿನ ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ಸಿಸ್ಟರ್‌ಗೆ ಇದು ಅಂಗೈ ಗೆರೆಯಷ್ಟು ಪರಿಚಿತ. ಪಠ್ಯದಲ್ಲಿ ಇದಕ್ಕೆ ಸಿಗುವ ಜಾಗ ಕಿರಿದು.

ಭಾಷೆಯೂ ಹಾಗೆಯೇ. ರೋಗಿಯ ಇತಿಹಾಸ ಬರೆಯುವ ಫಾರಂ ಇಂಗ್ಲಿಷಿನದು. ಹೇಳುವವರು ‘ಪೋಟ ದುಕ್ತಾ’ (ಹೊಟ್ಟೆ ನೋಯುತ್ತದೆ) ಎನ್ನುವ ಕೊಂಕಣಿಯವರು, ‘ತಲೆ ತಿರುಗ್ತು’ ಎನ್ನುವ ಹವ್ಯಕ ಅಜ್ಜಿ, ಭಟ್ಕಳದ ನವಾಯತಿ ಮಾತಾಡುವ ಬಾಣಂತಿ. ಹೊರಗಿನಿಂದ ಬಂದ ಬೋಧಕರಿಗೆ ಇದನ್ನು ಕಲಿಸಿಕೊಡುವವರು ವಾರ್ಡಿನ ಆಯಾಗಳೇ.

ಎರಡು ಏಣಿಗೂ ನಡುವೆ ಅಡ್ಡಪಟ್ಟಿ ಹೊಡೆಯುವುದು ಹೊಸ ಕಾಯ್ದೆಗಾಗಿ ಕಾಯಬೇಕಾದ ಕೆಲಸವಲ್ಲ. 1947ರ ಪರಿಷತ್ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ, ಅದು ತನ್ನ ಕಾಲಕ್ಕೆ ತನ್ನ ಕೆಲಸ ಮಾಡಲಿ. ಜಿಲ್ಲೆಯ ಮಟ್ಟದಲ್ಲಿ ಒಂದು ಕಾಲೇಜು, ಒಂದು ಆಸ್ಪತ್ರೆ ಕೂತು ಮಾಡಿಕೊಳ್ಳಬಹುದಾದ ಒಪ್ಪಂದ ಹೀಗಿರಬಹುದು. ಬೋಧಕರು ವಾರಕ್ಕೆ ಎರಡು ದಿನ 8ರಿಂದ 2ರ ಪಾಳಿಯಲ್ಲಿ ಆರು ರೋಗಿಗಳ ಪೂರ್ಣ ಹೊಣೆ ಹೊರುತ್ತಾರೆ; ಔಷಧದ ಚಾರ್ಟಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಹಾಕಿ ಸಹಿ ಮಾಡುತ್ತಾರೆ. ಇದಕ್ಕೆ ಆಸ್ಪತ್ರೆಯ ಮುಖ್ಯಸ್ಥರ ಲಿಖಿತ ಆದೇಶ, ಮಾದರಿ ಸಹಿಯ ಪುಸ್ತಕದಲ್ಲಿ ಹೆಸರು ಬೇಕು. ಅತ್ತ ಹೆರಿಗೆ ಕೋಣೆ, ತುರ್ತು ಘಟಕ, ಮಕ್ಕಳ ವಾರ್ಡಿನಿಂದ ಒಬ್ಬೊಬ್ಬ ಹಿರಿಯ ಸಿಸ್ಟರ್ ಅನ್ನು ಮಾರ್ಗದರ್ಶಕರೆಂದು ಹೆಸರಿಸಿ, ಒಬ್ಬರಿಗೆ ಇಬ್ಬರೇ ವಿದ್ಯಾರ್ಥಿಗಳನ್ನು ಕೊಡುವುದು. ಲಾಗ್ ಬುಕ್‌ನಲ್ಲಿ ‘ನೋಡಿದಳು’, ‘ಜೊತೆಗಿದ್ದು ಮಾಡಿದಳು’, ‘ತಾನೇ ಮಾಡಿದಳು’ ಎಂಬ ಮೂರು ಕಾಲಂ. ಮೂರನೆಯದಕ್ಕೆ ಸಹಿ ಹಾಕುವ ಹಕ್ಕು ಮಾರ್ಗದರ್ಶಕ ಸಿಸ್ಟರ್‌ಗೆ ಮಾತ್ರ. ಈ ಕೆಲಸವನ್ನು ಬೋಧನಾ ಅನುಭವವೆಂದು ಕಾಲೇಜು ಪತ್ರ ಕೊಡಬೇಕು, ಭತ್ಯೆಯನ್ನೂ ಕೊಡಬೇಕು.

ಇದು ಹಾಳಾಗುವ ಬಗೆಗಳೂ ಗೊತ್ತಿರುವಂಥವೇ. ಬೋಧಕರು ವಾರ್ಡಿಗೆ ಬಂದರೆಂದು ಅದೇ ದಿನ ಇಬ್ಬರು ಸಿಸ್ಟರ್‌ಗಳನ್ನು ಬೇರೆಡೆ ಕಳಿಸಿದರೆ ಕಲಿಕೆ ಅಲ್ಲಿಗೆ ಮುಗಿಯಿತು. ಮಾರ್ಗದರ್ಶಕ ಸಿಸ್ಟರ್ ಮೇಲಿನ ರೋಗಿಗಳ ಹೊರೆ ಇಳಿಸದೆ ವಿದ್ಯಾರ್ಥಿಗಳನ್ನು ಮಾತ್ರ ಹೊರಿಸಿದರೆ ಎರಡನೇ ವಾರಕ್ಕೆ ಆಕೆ ಅವರನ್ನು ಡ್ರಿಪ್ ಸ್ಟ್ಯಾಂಡ್ ತರಲು ಓಡಿಸುತ್ತಾರೆ. 8ನೇ ಸೆಮಿಸ್ಟರಿನ 22 ವಾರಗಳ ಇಂಟರ್ನ್‌ಶಿಪ್ ಅನ್ನು ಖಾಲಿ ಹುದ್ದೆ ತುಂಬುವ ಉಪಾಯ ಮಾಡಿಕೊಳ್ಳುವ ಆಸೆ ಎಲ್ಲ ಆಡಳಿತಕ್ಕೂ ಇರುತ್ತದೆ.

ಪೋಸ್ಟಿಂಗ್ ಹಂಚುವಾಗ ನಮ್ಮ ಕಾಯಿಲೆಗಳ ಪಂಚಾಂಗ ನೋಡಿಕೊಂಡರೆ ಇನ್ನೂ ಉತ್ತಮ. ಸಿದ್ದಾಪುರ ಕಡೆ ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ. ಒಂದು ತಂಡ ಆಗ ಅಲ್ಲಿರಲಿ. ಕರಾವಳಿಯಲ್ಲಿ ಇಲಿ ಜ್ವರ ಮತ್ತು ಡೆಂಗಿ ಮಳೆಗಾಲದವು. ಜುಲೈ, ಆಗಸ್ಟ್‌ನಲ್ಲಿ ಇನ್ನೊಂದು ತಂಡ ಕುಮಟಾ, ಹೊನ್ನಾವರದಲ್ಲಿರಲಿ. ಹೆರಿಗೆ ಕೋಣೆಗೆ ಹಂಗಾಮಿಲ್ಲ. ಆದರೆ ಹೆರಿಗೆಯಾದ ಒಂದು ನಿಮಿಷದೊಳಗೆ ಕೊಡಬೇಕಾದ, ರಕ್ತಸ್ರಾವ ತಡೆಯುವ 10 ಯೂನಿಟ್ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಹೋದರೆ ಅದನ್ನು ಎಲ್ಲಿ ಇಡುವುದು ಎಂಬುದನ್ನು ಕಲಿಯಬೇಕಾದರೆ ಆ ಎರಡು ದಿನ ಅಲ್ಲಿದ್ದ ಸಿಸ್ಟರ್ ಬಳಿಯೇ ಕಲಿಯಬೇಕು.